ಹಳೇ ಟರ್ಬೊಪ್ರಾಪ್‌ಗಳ ಮೋಹ: ಡಾರ್ಟ್ ಶಿಳ್ಳೆಯಿಂದ ಸೋಗಾನೆಯ ಎಟಿಆರ್‌ವರೆಗೆ

ತುಂಗಾತೀರ

ಬೆಂಗಳೂರು–ಶಿವಮೊಗ್ಗ ಎಟಿಆರ್ (ಪ್ರೊಪೆಲರಿನ ಸಣ್ಣ ಪ್ರಯಾಣಿಕ ವಿಮಾನ) 2023ರ ಆಗಸ್ಟ್ 31ಕ್ಕೆ ಶುರುವಾದಾಗಿನಿಂದ ಈ ಕಡೆ ಎರಡು ಮಾತು ಕೇಳ್ತಾ ಇದೆ. ಒಂದು, "ಅದು ಫ್ಯಾನಿನ ವಿಮಾನ ಮಾರಾಯ್ರೆ, ಹಳೇ ಕಾಲದ್ದು." ಇನ್ನೊಂದು, "ಫ್ಯಾನಿನದ್ದೇ ಚಂದ." ಈ ಎರಡನೇ ಪಂಗಡದವರು ವೈಕೌಂಟ್, ಫೋಕರ್, ಆವ್ರೊ ಅಂತ ಬಾಯಿ ತೆಗೆದರೆ ಮುಚ್ಚೋದೇ ಇಲ್ಲ. ಹಳೇ ಟರ್ಬೊಪ್ರಾಪ್ ಹತ್ತಬೇಕು ಅಂತಲೇ ಕೈಯಿಂದ ಖರ್ಚು ಮಾಡಿಕೊಂಡು ದೇಶ ಸುತ್ತುವವರೂ ಇದ್ದಾರೆ. ಅದರಲ್ಲಿ ಅಂಥಾದ್ದು ಏನಿದೆ? "ಬಾಲ್ಯದ ನೆನಪು" ಅನ್ನೋ ಉತ್ತರ ಬೇಡ, ಯಂತ್ರದ ಲೆಕ್ಕದಲ್ಲಿ ಹೇಳಿ. ಜೊತೆಗೆ, ಸೋಗಾನೆಯಲ್ಲಿ, ಅಂದರೆ ಶಿವಮೊಗ್ಗ ವಿಮಾನ ನಿಲ್ದಾಣದಲ್ಲಿ, ಹತ್ತುವವರಿಗೆ ಆ ರುಚಿ ಎಷ್ಟು ಸಿಗ್ತದೆ, ಎಲ್ಲಿ ಕೂರಬೇಕು, ಏನು ಕೇಳಿಸಿಕೊಳ್ಳಬೇಕು?

ಕೊಪ್ಪದ ಕಾಳುಮೆಣಸು

ಪಂಖ ಇದ್ದದ್ದೆಲ್ಲ ಡಕೋಟಾ ಜಾತಿ ಅಲ್ವಾ? ಡಕೋಟಾ ಬಿಟ್ಟರೆ ಹಳೇದು ಯಾವುದು?

ಡಾರ್ಟ್ ಶಿಳ್ಳೆ

ಅಲ್ಲ. ಡಕೋಟಾದ್ದು ಪಿಸ್ಟನ್ ಎಂಜಿನ್. ಪೆಟ್ರೋಲ್, ಸ್ಪಾರ್ಕ್ ಪ್ಲಗ್, ಒಂದೊಂದರಲ್ಲಿ 14 ಸಿಲಿಂಡರ್. ಟರ್ಬೊಪ್ರಾಪ್ ಅಂದರೆ ಒಳಗೆ ಜೆಟ್ಟಿನ ಹಾಗೇ ಕಂಪ್ರೆಸರ್, ದಹನ ಕೋಣೆ, ಟರ್ಬೈನ್. ಉರಿಯೋದು ಸೀಮೆಎಣ್ಣೆ ಜಾತಿಯ ಇಂಧನ. ಹೊಗೆ ಹಿಂದಕ್ಕೆ ತಳ್ಳುವ ಬಲವನ್ನು ನೆಚ್ಚಿಕೊಳ್ಳದೆ, ಟರ್ಬೈನಿನ ಶಕ್ತಿಯನ್ನು ಗೇರ್‌ಬಾಕ್ಸಿನಲ್ಲಿ ಇಳಿಸಿ ಪ್ರೊಪೆಲರಿಗೆ ಕೊಡುತ್ತಾರೆ. ಅಂದರೆ ಹೊರಗೆ ಕಾಣೋದು ಹಳೇ ಪಂಖ, ಒಳಗಿರೋದು ಜೆಟ್ ಯುಗ. ತಮಾಷೆ ಇರೋದೇ ಅಲ್ಲಿ.

ಮೊದಲನೇದು ವಿಕರ್ಸ್ ವೈಕೌಂಟ್, ಹಾರಿದ್ದು 1948ರ ಜುಲೈ 16ಕ್ಕೆ. ನಾಲ್ಕು ರೋಲ್ಸ್‌ರಾಯ್ಸ್ ಡಾರ್ಟ್ ಎಂಜಿನ್. ಪಿಸ್ಟನ್ ವಿಮಾನದಲ್ಲಿ ಮೈಮೂಳೆ ಅಲುಗಿಸಿಕೊಂಡು ಹೋಗುತ್ತಿದ್ದವರಿಗೆ ಇದರ ನುಣುಪು ನಂಬಲಿಕ್ಕೇ ಆಗಲಿಲ್ಲ. ಮಡಚುವ ಮೇಜಿನ ಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ತೋರಿಸುವುದು ಆಗಿನ ಮಾರಾಟದ ಗಿಮಿಕ್ಕು. ಕಾರಣ ಸರಳ: ಪಿಸ್ಟನ್ನಿನಲ್ಲಿ ಪ್ರತಿ ಸಿಲಿಂಡರ್ ಬಿಡಿಬಿಡಿಯಾಗಿ ಒದೆಯುತ್ತದೆ, ಟರ್ಬೈನ್ ಒಂದೇ ಸಮನೆ ತಿರುಗುತ್ತದೆ. ಕಿಟಕಿಗಳಂತೂ ಮೊಟ್ಟೆ ಆಕಾರದವು, 26 ಇಂಚು ಎತ್ತರ, 19 ಇಂಚು ಅಗಲ. ಈಗಿನ ಎಟಿಆರ್‌ನಲ್ಲಿ ಅಷ್ಟು ದೊಡ್ಡ ಕಿಟಕಿ ಸಿಗಲ್ಲ.

ನಮ್ಮ ದೇಶದ ಸಾಲು: ಇಂಡಿಯನ್ ಏರ್‌ಲೈನ್ಸ್‌ಗೆ 1957ರಲ್ಲಿ ವೈಕೌಂಟ್ ಬಂತು, 1961ರಲ್ಲಿ ಫೋಕರ್ ಎಫ್27. ಆಮೇಲೆ ಎಚ್‌ಎಸ್ 748, ನಾವು "ಆವ್ರೊ" ಅನ್ನೋದು. ಇದನ್ನು ಎಚ್‌ಎಎಲ್ ಕಾನ್ಪುರದಲ್ಲಿ ಜೋಡಿಸಿತು. ಅಲ್ಲಿ ತಯಾರಾದ ಮೊದಲನೇದು 1961ರ ನವೆಂಬರ್ 1ಕ್ಕೆ ಹಾರಿತು, ಒಟ್ಟು 89 ಆದವು. ಅದರ ಡಾರ್ಟ್ ಎಂಜಿನ್ ಲೈಸೆನ್ಸಿನ ಮೇಲೆ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾಗುತ್ತಿತ್ತು. ವೈಕೌಂಟ್, ಎಫ್27, 748, ಮೂರಕ್ಕೂ ಎಂಜಿನ್ ಒಂದೇ ಮನೆತನ. ಹಾಗಾಗಿ "ಹಳೇ ಟರ್ಬೊಪ್ರಾಪಿನ ಸದ್ದು" ಅಂದರೆ ನಮ್ಮಲ್ಲಿ ಡಾರ್ಟಿನ ಸದ್ದು ಅಂತಲೇ ಅರ್ಥ.

ತುಂಗಾತೀರ

ಆ ಸದ್ದಿಗೆ ಅಷ್ಟೊಂದು ಭಕ್ತರು ಎಂತಕ್ಕೆ? ಶಿಳ್ಳೆ ಅಂತೀರಲ್ಲ, ಅದು ಎಲ್ಲಿಂದ ಬರೋದು?

ಡಾರ್ಟ್ ಶಿಳ್ಳೆ

ಡಾರ್ಟಿನ ಕಂಪ್ರೆಸರ್ ಸೆಂಟ್ರಿಫ್ಯೂಗಲ್. ಬಾವಿ ಪಂಪಿನ ಇಂಪೆಲ್ಲರ್ ನೋಡಿದವರಿಗೆ ಗೊತ್ತಾಗುತ್ತದೆ, ನಡುವಿನಿಂದ ಎಳೆದು ಅಂಚಿಗೆ ಬೀಸಿ ಒಗೆಯುವಂಥದ್ದು. ಅಂಥಾವು ಎರಡು, ಒಂದರ ಹಿಂದೊಂದು, ಪೂರ್ತಿ ವೇಗದಲ್ಲಿ ನಿಮಿಷಕ್ಕೆ 15,000 ಸುತ್ತು. ಅದರ ಹಿಂದೆ ಓರೆಯಾಗಿ ಕೂರಿಸಿದ 7 ದಹನ ಕೋಣೆ. ಇಂಪೆಲ್ಲರಿನ ಎಲೆಗಳು ಗಾಳಿ ಕತ್ತರಿಸುವ ಸದ್ದು ಸೆಕೆಂಡಿಗೆ ಸಾವಿರಾರು ಕಂಪನದ್ದು, ಅದೇ ಶಿಳ್ಳೆ. ಗೇರ್‌ಬಾಕ್ಸ್ ವೇಗವನ್ನು ಸುಮಾರು 10.75ಕ್ಕೆ 1ರಂತೆ ಇಳಿಸುತ್ತದೆ, ಹಾಗಾಗಿ ಪ್ರೊಪೆಲರ್ ಹತ್ತಿರಹತ್ತಿರ 1,400ರಲ್ಲಿ ತಿರುಗುತ್ತದೆ. ಮೇಲೆ ಕಿವಿ ಕೊರೆಯುವ ಶಿಳ್ಳೆ, ಕೆಳಗೆ ಹೊಟ್ಟೆಯಲ್ಲಿ ಗುಂಯ್‌ಗುಡುವ ಪ್ರೊಪೆಲರ್, ನಡುವೆ ಖಾಲಿ. ಎರಡು ತುದಿ ಮಾತ್ರ ಇರುವ ಸದ್ದು ಅದು, ಬೇರೆ ಎಂಜಿನ್ನುಗಳಲ್ಲಿ ಆ ನಡುವಿನ ಜಾಗವನ್ನು ಏನಾದರೂ ತುಂಬಿರುತ್ತದೆ.

ಇನ್ನೊಂದು ಮುಖ್ಯ ವಿಷಯ, ಡಾರ್ಟ್ ಒಂದೇ ಶಾಫ್ಟಿನ ಎಂಜಿನ್. ಟರ್ಬೈನ್, ಕಂಪ್ರೆಸರ್, ಗೇರ್, ಪ್ರೊಪೆಲರ್ ಎಲ್ಲ ಒಂದಕ್ಕೊಂದು ಕಟ್ಟಿಹಾಕಿದ್ದು. ಕ್ಲಚ್ಚೇ ಇಲ್ಲದ ಟಿಲ್ಲರ್ ಅಂತ ಇಟ್ಟುಕೊಳ್ಳಿ. ಸ್ಟಾರ್ಟ್ ಮಾಡುವಾಗ ಅದರ ಪರಿಣಾಮ ಕಣ್ಣಿಗೇ ಕಾಣುತ್ತದೆ. ಸ್ಟಾರ್ಟರ್ ಮೋಟಾರಿಗೆ ಕಂಪ್ರೆಸರ್ ಒಂದನ್ನೇ ಅಲ್ಲ, ಪ್ರೊಪೆಲರನ್ನೂ (ಆವ್ರೊದಲ್ಲಾದರೆ 3.66 ಮೀಟರ್ ಅಡ್ಡಳತೆಯದ್ದು) ಎಳೆಯುವ ಕೆಲಸ. ಅದಕ್ಕೇ ಬ್ಲೇಡುಗಳನ್ನು "ಗ್ರೌಂಡ್ ಫೈನ್"ನಲ್ಲಿ, ಅಂದರೆ ಗಾಳಿಯನ್ನು ಕಚ್ಚದೆ ಚಪ್ಪಟೆಯಾಗಿ ತಿರುಗುವ ಕೋನದಲ್ಲಿ ಇಟ್ಟಿರುತ್ತಾರೆ. ಕ್ರಮ ಹೀಗೆ: ಬ್ಲೇಡು ಗ್ರೌಂಡ್ ಫೈನ್‌ನಲ್ಲಿದೆ ಅಂತ ಖಾತ್ರಿ, ಸ್ಟಾರ್ಟರ್, ಇಗ್ನಿಷನ್, ಎಂಜಿನ್ ತಿರುಗಲು ಹತ್ತಿದ ಮೇಲೆ ಇಂಧನದ ಎಚ್‌ಪಿ ಕಾಕ್ (ಹೈ ಪ್ರೆಶರ್ ನಲ್ಲಿ) ತೆರೆಯುವುದು, ಬೆಂಕಿ ಹತ್ತಿದ್ದನ್ನು ಟರ್ಬೈನ್ ಬಿಸಿಯ ಮುಳ್ಳಿನಲ್ಲಿ ನೋಡುವುದು. ಆಮೇಲೆ ಎರಡು ಮುಳ್ಳುಗಳ ಓಟ. ಸುತ್ತು ಏರಬೇಕು, ಬಿಸಿ ಒಂದು ಹಂತ ಮುಟ್ಟಿ ಇಳಿಯಬೇಕು. ಸುತ್ತು ನಡುವೆಯೇ ನಿಂತು ಬಿಸಿ ಮಾತ್ರ ಏರುತ್ತಾ ಹೋದರೆ ಅದು "ಹಂಗ್ ಸ್ಟಾರ್ಟ್". ಯೋಚನೆ ಮಾಡುತ್ತಾ ಕೂರುವ ಹಾಗಿಲ್ಲ, ಆ ಕ್ಷಣವೇ ಎಚ್‌ಪಿ ಕಾಕ್ ಮುಚ್ಚಬೇಕು. ಸಾಮಾನ್ಯವಾಗಿ ಕಾರಣ ಬ್ಯಾಟರಿ ಸೋತಿರುವುದು, ಬ್ಲೇಡು ಚಪ್ಪಟೆ ಇಲ್ಲದಿರುವುದು, ಅಥವಾ ಬಾಲದ ಕಡೆಯಿಂದ ಜೋರು ಗಾಳಿ. ತಡ ಮಾಡಿದರೆ ಟರ್ಬೈನ್ ಬ್ಲೇಡು ಸುಟ್ಟಿತು ಅಂತಲೇ.

ಆರು ಬ್ಲೇಡು

ಇದಕ್ಕೆ ಸೇರಿಸುತ್ತೇನೆ. ನಿಲ್ಲಿಸಿದ ವಿಮಾನದ ಬ್ಲೇಡು ನೋಡಿಯೇ ಎಂಜಿನ್ ಯಾವ ಕುಲದ್ದು ಅಂತ ಹೇಳಬಹುದು. ಡಾರ್ಟ್ ಇರುವ ಆವ್ರೊ, ಅಥವಾ ಗ್ಯಾರೆಟ್ ಟಿಪಿಇ331 ಅನ್ನೋ ಒಂದೇ ಶಾಫ್ಟಿನ ಎಂಜಿನ್ ಇರುವ ಡಾರ್ನಿಯರ್ 228 ನಿಂತಿರುವಾಗ ಬ್ಲೇಡಿನ ಅಗಲ ಮುಖ ಎದುರಿನಿಂದ ಪೂರ್ತಿ ಕಾಣುತ್ತದೆ, ಚಪ್ಪಟೆ. ಎಟಿಆರ್ ನಿಂತಿರುವಾಗ ಎದುರಿನಿಂದ ಅಂಚು ಮಾತ್ರ, ಬ್ಲೇಡು ಸಪೂರ. ಅದು "ಫೆದರ್" ಆಗಿರುವ ಸ್ಥಿತಿ. ದೋಣಿಯ ಹುಟ್ಟನ್ನು ಅಗಲಕ್ಕೆ ಹಿಡಿಯದೆ ಅಂಚು ಮಾಡಿ ನೀರಿಗೆ ಇಳಿಬಿಟ್ಟ ಹಾಗೆ, ಪ್ರವಾಹಕ್ಕೆ ಅಡ್ಡಿಯೇ ಇಲ್ಲ.

ಎಟಿಆರ್‌ನ ಪ್ರ್ಯಾಟ್ ಅಂಡ್ ವಿಟ್ನಿ ಪಿಡಬ್ಲ್ಯೂ127ರಲ್ಲಿ ಪ್ರೊಪೆಲರ್ ತಿರುಗಿಸುವ ಟರ್ಬೈನಿಗೂ ಕಂಪ್ರೆಸರಿನ ಟರ್ಬೈನುಗಳಿಗೂ ಕಬ್ಬಿಣದ ಸಂಬಂಧ ಇಲ್ಲ, ಬಿಸಿ ಗಾಳಿಯ ಸಂಬಂಧ ಮಾತ್ರ. ಹಾಗಾಗಿ ಪ್ರೊಪೆಲರನ್ನು ಹಿಡಿದು ನಿಲ್ಲಿಸಿ ಎಂಜಿನ್ ಮಾತ್ರ ಓಡಿಸಬಹುದು. ಎಟಿಆರ್‌ನಲ್ಲಿ ಅದನ್ನೇ ಮಾಡುತ್ತಾರೆ, ಅದರ ಹೆಸರು "ಹೋಟೆಲ್ ಮೋಡ್". ಬಲಗಡೆ ಎಂಜಿನ್ನಿನ ಪ್ರೊಪೆಲರಿಗೆ ಬ್ರೇಕ್ ಇದೆ. ಬಾಲದಲ್ಲಿ ಪ್ರತ್ಯೇಕ ಸಣ್ಣ ಎಂಜಿನ್ ಇಡುವ ತೂಕ ಉಳಿಸಿ, ಇದರಿಂದಲೇ ಕರೆಂಟು, ಏಸಿ. ಸೋಗಾನೆಯಲ್ಲಿ ಹಿಂಬಾಗಿಲಿನ ಮೆಟ್ಟಿಲ ಕಡೆ ನಡೆಯುವಾಗ ಎಂಜಿನ್ ಸದ್ದು ಕೇಳುತ್ತಿದ್ದು ಒಂದು ಪ್ರೊಪೆಲರೂ ತಿರುಗದೆ ಇದ್ದರೆ ಗಾಬರಿ ಬೇಡ, ಅದೇ ಇದು. ಹಿಂದಿನಿಂದ ಗಾಳಿ ಜೋರಿದ್ದರೆ ಹೋಟೆಲ್ ಮೋಡ್ ಬಳಸುವ ಹಾಗಿಲ್ಲ, ಹೊಗೆ ಮುಂದಕ್ಕೆ ಬಂದು ಎಂಜಿನ್ ತನ್ನ ಬಿಸಿಯನ್ನೇ ಉಸಿರಾಡುತ್ತದೆ.

ಗೇರ್‌ಬಾಕ್ಸ್

ಚಂದ ಹೇಳಿದಿರಿ ಇಬ್ಬರೂ. ಆದರೆ ಮೋಹಕ್ಕೊಂದು ಕಡಿವಾಣ ಬೇಕು. ಹಳೇ ಟರ್ಬೊಪ್ರಾಪ್ ಅಂದರೆ ಬರೀ ನುಣುಪಲ್ಲ. ಲಾಕ್‌ಹೀಡ್ ಎಲೆಕ್ಟ್ರಾ ಕಥೆ ಗೊತ್ತಲ್ಲ? 1959ರ ಸೆಪ್ಟೆಂಬರ್ 29 ಮತ್ತು 1960ರ ಮಾರ್ಚ್ 17, ಆರು ತಿಂಗಳೊಳಗೆ ಅಮೆರಿಕದಲ್ಲಿ ಎರಡು ಎಲೆಕ್ಟ್ರಾಗಳ ರೆಕ್ಕೆ ಆಕಾಶದಲ್ಲೇ ಮುರಿಯಿತು. ಕಾರಣ ಹುಡುಕಿದಾಗ ಸಿಕ್ಕಿದ್ದು "ವರ್ಲ್ ಮೋಡ್". ತಿರುಗುವ ಪ್ರೊಪೆಲರ್ ಅಂದರೆ ದೊಡ್ಡ ಬುಗುರಿ. ಎಂಜಿನ್ನಿನ ಮೌಂಟ್ ಗಟ್ಟಿ ಇದ್ದಷ್ಟು ಹೊತ್ತು ಅದರ ತೂಗಾಟ ತಾನೇ ಅಡಗುತ್ತದೆ. ಮೌಂಟ್ ಸಡಿಲವಾದರೆ ಬುಗುರಿ ಸೋಲುವ ಮೊದಲು ತಲೆ ಸುತ್ತಿಸುತ್ತದಲ್ಲ, ಹಾಗೆ ಇಡೀ ಎಂಜಿನ್ ಮೂತಿ ಸುತ್ತಲು ಶುರುಮಾಡುತ್ತದೆ. ಆ ಸುತ್ತಾಟ ನಿಧಾನವಾಗುತ್ತಾ ಬಂದು ರೆಕ್ಕೆಯ ಸಹಜ ತೂಗಾಟದ ಲಯಕ್ಕೆ, ಸೆಕೆಂಡಿಗೆ ಸುಮಾರು 3 ಸಲ, ಹೊಂದಿಕೊಂಡಿತೋ, ರೆಕ್ಕೆ ಕೆಲವೇ ಕ್ಷಣದಲ್ಲಿ ಹರಿಯುತ್ತದೆ. ವೇಗಕ್ಕೆ ಮಿತಿ ಹಾಕಿ, ಆಮೇಲೆ ಮೌಂಟೂ ರೆಕ್ಕೆಯೂ ಗಟ್ಟಿ ಮಾಡಿ ಸರಿಪಡಿಸಿದರು. ಅದೇ ಮೈಕಟ್ಟು ಮುಂದೆ ಪಿ-3 ಓರಿಯನ್ ಆಗಿ ದಶಕಗಟ್ಟಲೆ ಸಮುದ್ರದ ಮೇಲೆ ಗಸ್ತು ಹೊಡೆಯಿತು ಅನ್ನೋದೂ ನಿಜ.

ವೈಕೌಂಟಿಗೆ ರೆಕ್ಕೆಯ ಮುಖ್ಯ ತೊಲೆಯ, ಅಂದರೆ ಸ್ಪಾರಿನ ಆಯುಷ್ಯದ ಮಿತಿ. ಇಷ್ಟು ಹಾರಾಟ ಆದ ಮೇಲೆ ಬದಲಾಯಿಸಲೇಬೇಕು, ಆ ಖರ್ಚಿಗೆ ಹೆದರಿಯೇ ಎಷ್ಟೋ ವಿಮಾನ ಗುಜರಿಗೆ ಹೋದವು. ಎಫ್27ರಲ್ಲಿ ತಗಡುಗಳನ್ನು ರೆಡಕ್ಸ್ ಅಂಟಿನಿಂದ ಜೋಡಿಸಿದ್ದು. ರಿವೆಟ್ ಕಡಿಮೆ, ಮೈ ನುಣುಪು, ತೂಕ ಹಗುರ. ಅಂಟಿನ ಸಂದಿಗೆ ನೀರು ಇಳಿದು ತುಕ್ಕು ಹತ್ತಿದರೆ ಮಾತ್ರ ಪದರ ಬಿಡುತ್ತದೆ, ಹೊರಗಿನಿಂದ ಕಾಣಲ್ಲ. ಆಗುಂಬೆ ಮಳೆಯಂಥದ್ದರಲ್ಲಿ ಇಂಥ ವಿಮಾನ ವರ್ಷಾನುಗಟ್ಟಲೆ ಬಯಲಲ್ಲಿ ನಿಂತರೆ ಏನಾದೀತು ಯೋಚಿಸಿ. ಮ್ಯೂಸಿಯಮ್ಮಿನಲ್ಲಿ ಇಡುವವರಿಗೂ ಇದೇ ತಲೆನೋವು.

ಡಾರ್ಟ್ ಶಿಳ್ಳೆ

ಒಪ್ಪಿದೆ. ಎಫ್27ರದ್ದು ಇನ್ನೊಂದು ವಿಚಿತ್ರ ಇದೆ. ಹೆಚ್ಚಿನ ವಿಮಾನಗಳಲ್ಲಿ ಚಕ್ರ ಎತ್ತುವುದು, ಬ್ರೇಕು, ಮೂತಿ ಚಕ್ರ ತಿರುಗಿಸುವುದು ಎಲ್ಲ ಹೈಡ್ರಾಲಿಕ್ ಎಣ್ಣೆಯಿಂದ. ಫೋಕರ್ ಅದನ್ನು ಒತ್ತಡದ ಗಾಳಿಯಿಂದ ಮಾಡಿತು, ಒತ್ತಡ ಚದರ ಇಂಚಿಗೆ 3,300 ಪೌಂಡ್. ಎಣ್ಣೆ ಸೋರುವ ಕಿರಿಕಿರಿ ಇಲ್ಲ, ಹಗುರ. ತೊಂದರೆ ತೇವಾಂಶದ್ದು, ಗಾಳಿಯಲ್ಲಿ ನೀರಿನ ಪಸೆ ಉಳಿದರೆ ಮೇಲೆ ಹೋದಾಗ ಕೊಳವೆಯಲ್ಲಿ ಹೆಪ್ಪುಗಟ್ಟುತ್ತದೆ. ಆದ್ದರಿಂದ ಒಣಗಿಸುವ ಡಬ್ಬಿಯ ಕಾಳಜಿ ಬಹಳ ಮುಖ್ಯ. ಅದು ಟ್ಯಾಕ್ಸಿ ಮಾಡುವಾಗ, ಅಂದರೆ ನೆಲದ ಮೇಲೆ ಓಡಾಡುವಾಗ, ಬ್ರೇಕಿನಿಂದ ಕೇಳುವ "ಚುಸ್" ಸದ್ದು ನಮ್ಮ ಘಾಟಿ ಬಸ್ಸಿನ ಏರ್ ಬ್ರೇಕಿನದ್ದೇ.

ಚಕ್ರದ ಇನ್ನೊಂದು ಲಾಭ: ಎಫ್27 ಮತ್ತು ಕ್ಯೂ400 (ಕೆನಡಾದ ಟರ್ಬೊಪ್ರಾಪ್), ಎರಡರಲ್ಲೂ ರೆಕ್ಕೆ ಮೇಲೆ, ಚಕ್ರ ಎಂಜಿನ್ನಿನ ಗೂಡಿನೊಳಗೆ. ಕಿಟಕಿಯಲ್ಲಿ ಕೂತವರ ಕಣ್ಣ ಮುಂದೆಯೇ ಬಾಗಿಲು ತೆರೆದು ಉದ್ದನೆ ಕಾಲು ಕೆಳಗಿಳಿಯುತ್ತದೆ. ಟೈರು ನೆಲ ಮುಟ್ಟಿದಾಗ ಏಳುವ ಹೊಗೆಯೂ ಕಾಣುತ್ತದೆ. ಎಟಿಆರ್‌ನಲ್ಲಿ ಈ ಭಾಗ್ಯ ಇಲ್ಲ, ಅದರ ಚಕ್ರ ಹೊಟ್ಟೆಯ ಪಕ್ಕದ ಉಬ್ಬಿನೊಳಗೆ.

ಭದ್ರಾ ಹಿನ್ನೀರು

ಸರ್, ನೀರು ಸಿಂಪಡಿಸಿ ಶಕ್ತಿ ಹೆಚ್ಚಿಸ್ತಿದ್ರು ಅಂತ ಓದಿದ್ದೆ, ಅದೆಂಥದು? ಉರಿಯೋ ಎಂಜಿನ್ನಿಗೆ ನೀರು ಹಾಕಿದ್ರೆ ಆರಿಹೋಗಲ್ವಾ?

ಡಾರ್ಟ್ ಶಿಳ್ಳೆ

ಬರೀ ನೀರಲ್ಲ, ನೀರು-ಮೆಥನಾಲ್ ಮಿಶ್ರಣ. ಮೆಥನಾಲ್ ಹೆಚ್ಚುಕಮ್ಮಿ ಮೂರನೇ ಒಂದು ಪಾಲು. ಬಿಸಿಲಲ್ಲಿ, ಎತ್ತರದ ನಿಲ್ದಾಣದಲ್ಲಿ ಗಾಳಿ ತೆಳುವಾಗುತ್ತದೆ. ಅದೇ ಶಕ್ತಿ ಬೇಕು ಅಂತ ಇಂಧನ ಹೆಚ್ಚು ಸುರಿದರೆ ಟರ್ಬೈನ್ ಬಿಸಿ ಮಿತಿ ದಾಟುತ್ತದೆ. ಅದಕ್ಕೇ ಡಾರ್ಟಿನ ಪೈಲಟ್ಟಿಗೆ "ಫ್ಯೂಯೆಲ್ ಟ್ರಿಮ್ಮರ್" ಅಂತ ಇನ್ನೊಂದು ಕೆಲಸ ಇರುತ್ತಿತ್ತು. ಅಂದಿನ ಉಷ್ಣಾಂಶ, ಎತ್ತರ ನೋಡಿ, ಪಟ್ಟಿಯಲ್ಲಿ ಹುಡುಕಿ, ಇಂಧನವನ್ನು ಕೈಯಾರೆ ಕಡಿಮೆ ಮಾಡಿಟ್ಟುಕೊಳ್ಳುವುದು. ಹೀಗೆ ಕಳೆದುಕೊಂಡ ಶಕ್ತಿಯನ್ನು ಟೇಕಾಫಿನ ಹೊತ್ತಿಗೆ ಮಾತ್ರ ಮಿಶ್ರಣದಿಂದ ವಾಪಸ್ ಪಡೆಯುತ್ತಿದ್ದರು. ನೀರು ಆವಿಯಾಗುತ್ತಾ ಗಾಳಿಯನ್ನು ತಂಪು ಮಾಡುತ್ತದೆ, ಗಾಳಿ ಮತ್ತೆ ದಟ್ಟವಾಗುತ್ತದೆ. ಮೆಥನಾಲ್ ತಾನೇ ಉರಿದು ನೀರು ನುಂಗಿದ ಬಿಸಿಯನ್ನು ತುಂಬಿಕೊಡುತ್ತದೆ, ಚಳಿಯಲ್ಲಿ ನೀರು ಹೆಪ್ಪುಗಟ್ಟದಂತೆಯೂ ಕಾಯುತ್ತದೆ. ಟ್ಯಾಂಕಿನಲ್ಲಿ ಇರೋದು ಟೇಕಾಫಿಗೆ ಬೇಕಾದಷ್ಟೇ. ಓಡುತ್ತಿರುವಾಗ ಒಂದು ಕಡೆಯ ಮಿಶ್ರಣ ನಿಂತಿತು ಅಂದರೆ ಆ ಕಡೆಯ ಶಕ್ತಿ ಕುಸಿದು ವಿಮಾನ ಪಕ್ಕಕ್ಕೆ ಎಳೆಯುತ್ತದೆ. ಹರಿವಿನ ಸೂಚಕದ ಮೇಲೆ ಒಬ್ಬರ ಕಣ್ಣು ಇರಲೇಬೇಕಿತ್ತು.

ಆರು ಬ್ಲೇಡು

ಈಗ ಸದ್ದಿಗೆ ಬರುತ್ತೇನೆ, ನನ್ನ ಮಟ್ಟಿಗೆ ಮೋಹದ ತಿರುಳು ಇಲ್ಲೇ ಇದೆ. ಜೆಟ್ಟಿನಲ್ಲಿ ಕೂತವನಿಗೆ ಬರೀ "ಹೋ" ಅನ್ನುವ ಸದ್ದು, ಅದರಿಂದ ಏನೂ ತಿಳಿಯುವುದಿಲ್ಲ. ಪ್ರೊಪೆಲರಿನದ್ದು ಸ್ವರ. ಲೆಕ್ಕ ಹಾಕಬಹುದು, ಓದಬಹುದು.

ಸೂತ್ರ ಇಷ್ಟೇ: ನಿಮಿಷದ ಸುತ್ತನ್ನು 60ರಿಂದ ಭಾಗಿಸಿ ಬ್ಲೇಡಿನ ಸಂಖ್ಯೆಯಿಂದ ಗುಣಿಸಿ. ಎಟಿಆರ್ 72ರ ಆರು ಬ್ಲೇಡು ಟೇಕಾಫಿನಲ್ಲಿ 1,200 ಸುತ್ತು, ಅಂದರೆ ಸೆಕೆಂಡಿಗೆ 120 ಕಂಪನ. ಮೇಲೆ ಹೋಗಿ ಕ್ರೂಸಿಗೆ (ಒಂದೇ ಎತ್ತರದ ಸಮ ಓಟಕ್ಕೆ) ಇಳಿಸಿದಾಗ ಶೇ 82, ಅಂದರೆ 984 ಸುತ್ತು, ಸುಮಾರು 98 ಕಂಪನ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಊರ ಟಿಸಿ (ಟ್ರಾನ್ಸ್‌ಫಾರ್ಮರ್) ಗುಂಯ್‌ಗುಡುವುದು 100ರಲ್ಲಿ. ಕ್ರೂಸಿನ ಎಟಿಆರ್ ಮತ್ತು ನಿಮ್ಮ ಬೀದಿಯ ಟಿಸಿ ಹೆಚ್ಚುಕಮ್ಮಿ ಒಂದೇ ಶ್ರುತಿ! ಕ್ಯೂ400ಗೂ ಆರು ಬ್ಲೇಡು, ಆದರೆ ಕ್ರೂಸಿನಲ್ಲಿ 850 ಸುತ್ತು, ಹಾಗಾಗಿ 85ರ ಹತ್ತಿರ, ಕೆಳಸ್ವರ. ಡಾರ್ಟಿನ ನಾಲ್ಕು ಬ್ಲೇಡು ಪೂರ್ತಿ ಶಕ್ತಿಯಲ್ಲಿ ಸುಮಾರು 93.

ಇನ್ನು ಏರಿಳಿತ. ಎರಡು ಪ್ರೊಪೆಲರುಗಳ ವೇಗ ಒಂದೇ ಇಲ್ಲದಿದ್ದರೆ "ಗುಂಯ್ಯ್… ಗುಂಯ್ಯ್…" ಅಂತ ಸದ್ದು ಉಬ್ಬಿ ತಗ್ಗುತ್ತದೆ. ಎರಡು ತಂತಿ ಶ್ರುತಿ ಸೇರುವ ಮೊದಲು ತಂಬೂರಿಯಲ್ಲಿ ಬರುವ ಅಲೆಯೇ ಇದು. ವಾಚು ಹಿಡಿದು ಒಂದು ಉಬ್ಬಿನಿಂದ ಇನ್ನೊಂದು ಉಬ್ಬಿಗೆ ಎಷ್ಟು ಸೆಕೆಂಡು ಅಂತ ಎಣಿಸಿ. ಆರು ಬ್ಲೇಡಿನದ್ದಾದರೆ 10ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಎರಡೂ ಎಂಜಿನ್ನುಗಳ ಸುತ್ತಿನ ವ್ಯತ್ಯಾಸ ಬಂತು. 10 ಸೆಕೆಂಡಿಗೊಂದು ಉಬ್ಬು ಅಂದರೆ ನಿಮಿಷಕ್ಕೆ ಒಂದೇ ಒಂದು ಸುತ್ತಿನ ವ್ಯತ್ಯಾಸ, 2 ಸೆಕೆಂಡಿಗೊಂದು ಅಂದರೆ 5 ಸುತ್ತು. ನಾಲ್ಕು ಬ್ಲೇಡಿನದ್ದಕ್ಕೆ 10ರ ಬದಲು 15 ಹಾಕಿ. ಹಳೇ ವಿಮಾನದಲ್ಲಿ ಪೈಲಟ್ ಕಿವಿಗೊಟ್ಟು ಲಿವರ್ ಸರಿಸುತ್ತಾ ಇದನ್ನು ಕೂಡಿಸುತ್ತಿದ್ದ. ಉಬ್ಬು ಉದ್ದವಾಗುತ್ತಾ ಹೋಗಿ ಒಂದು ಹಂತದಲ್ಲಿ ಮಾಯವಾಗುತ್ತದೆ. ಈಗ ಸಿಂಕ್ರೊಫೇಸರ್ ಮಾಡುತ್ತದೆ. ಬರೀ ವೇಗವಲ್ಲ, ಎಡ ಬ್ಲೇಡು ಮೇಲಿದ್ದಾಗ ಬಲದ್ದು ಎಲ್ಲಿರಬೇಕು ಅನ್ನುವ ಕೋನವನ್ನೂ ಹಿಡಿದಿಡುತ್ತದೆ.

ತುಂಗಾತೀರ

ಟಿಸಿ ಹೋಲಿಕೆ ಭರ್ಜರಿ. ಇನ್ನು ಕೂರೋದೆಲ್ಲಿ ಹೇಳಿ.

ಆರು ಬ್ಲೇಡು

ಯಾವುದು ಬೇಕು ಅನ್ನೋದರ ಮೇಲೆ. ಸದ್ದಿನ ರುಚಿ ಬೇಕಿದ್ದರೆ ಮುಂದಿನ ಸಾಲುಗಳು. ಬ್ಲೇಡಿನ ತುದಿ ಮೈಗೆ ಅತಿ ಹತ್ತಿರ ಹಾದುಹೋಗುವ ನೇರದಲ್ಲಿ ಕಂಪನ ಜಾಸ್ತಿ. ಎಟಿಆರ್ ಬ್ಲೇಡಿನ ಸುತ್ತಳತೆ ವೃತ್ತದ ಅಡ್ಡಗಲ 3.93 ಮೀಟರ್, ಟೇಕಾಫಿನಲ್ಲಿ ತುದಿಯ ವೇಗ ಸೆಕೆಂಡಿಗೆ ಸುಮಾರು 247 ಮೀಟರ್. ಮಲಗಬೇಕು ಅನ್ನೋರು ಹಿಂದೆ ಹೋಗಿ. ಕ್ಯೂ400ರಲ್ಲಿ ಗೋಡೆಯೊಳಗೆ ಎದುರು-ಕಂಪನ ಹುಟ್ಟಿಸುವ ಸಾಧನಗಳಿದ್ದು ಸದ್ದನ್ನು ತಗ್ಗಿಸುತ್ತವೆ, ಹೆಸರಿನ "ಕ್ಯೂ"ಗೆ ನಿಶ್ಶಬ್ದ ಅಂತಲೇ ಅರ್ಥ. ಸದ್ದು ಕೇಳಲಿಕ್ಕೇ ಹೋಗುವವರಿಗೆ ಅದು ಸ್ವಲ್ಪ ಸಪ್ಪೆ.

ನೋಟ ಬೇಕಿದ್ದರೆ: ರೆಕ್ಕೆ ಮೇಲಿರುವುದರಿಂದ ಎಲ್ಲಾ ಕಿಟಕಿಯಿಂದಲೂ ನೆಲ ಕಾಣುತ್ತದೆ. ಬೆಂಗಳೂರಿಂದ ಬರುವಾಗ ದಾರಿ ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿ. ಹಾಗಾಗಿ ಎಡಗಡೆ ಬಾಬಾಬುಡನ್ ಸಾಲು, ಸೋಗಾನೆ ಹತ್ತಿರವಾದಾಗ ದಕ್ಷಿಣಕ್ಕೆ ಲಕ್ಕವಳ್ಳಿಯ ಭದ್ರಾ ಹಿನ್ನೀರು. ಹೋಗುವಾಗ ಬಲಗಡೆ. ರನ್‌ವೇಯ ಯಾವ ತುದಿಯಿಂದ ಇಳಿಯುತ್ತಾರೆ ಅನ್ನೋದರ ಮೇಲೆ ಕೊನೆಯ ಐದು ನಿಮಿಷ ಬದಲಾಗಬಹುದು. ನೇರ ಅಂತರ ಸುಮಾರು 240 ಕಿ.ಮೀ. ಅಷ್ಟೇ. ಇಷ್ಟು ಗಿಡ್ಡ ದಾರಿಗೆ ಜೆಟ್ಟು ಮೇಲೇರಿ ಉಸಿರು ಬಿಡುವುದರೊಳಗೆ ಇಳಿಯಬೇಕು, ಎಟಿಆರ್ ತಗ್ಗಿನಲ್ಲೇ ಹೋಗುತ್ತದೆ. ಕೆಳಗಿನ ಅಡಕೆ ತೋಟ, ಕೆರೆ ಏರಿ ಗುರುತು ಸಿಗುವುದು ಅದಕ್ಕೇ. ಅಂದಹಾಗೆ ಸೋಗಾನೆ ರನ್‌ವೇ 3,200 ಮೀಟರ್, ಎಟಿಆರ್‌ಗೆ ಅದರ ಅರ್ಧವೂ ಬೇಡ.

ಕೊಪ್ಪದ ಕಾಳುಮೆಣಸು

"ಸುತ್ತಳತೆ ವೃತ್ತದ ಅಡ್ಡಗಲ" ಅಂದ್ರೆ ಎಂತ?

ಆರು ಬ್ಲೇಡು

ಬರೆಯುವಾಗ ಎರಡು ಪದ ಡಿಕ್ಕಿ ಹೊಡೆದವು. ಪ್ರೊಪೆಲರಿನ ವ್ಯಾಸ ಅಂತ ಓದಿಕೊಳ್ಳಿ, 3.93 ಮೀಟರ್.

ಬಾಬಾಬುಡನ್ ಮೋಡ

ಮಳೆಗಾಲದ ಬಗ್ಗೆ ಯಾರೂ ಹೇಳಲಿಲ್ಲ. ಮುಂಗಾರಿನಲ್ಲಿ ನಮ್ಮ ತಲೆಮೇಲೆ ಶೂನ್ಯ ಡಿಗ್ರಿ ಬರುವುದು 16ರಿಂದ 18 ಸಾವಿರ ಅಡಿಯಲ್ಲಿ. ಟರ್ಬೊಪ್ರಾಪ್ ಓಡಾಡುವುದೂ ಅದರ ಆಸುಪಾಸಿನಲ್ಲೇ. ಜೆಟ್ಟು ಆ ಪದರವನ್ನು ಬೇಗ ಸೀಳಿಕೊಂಡು ಹೋಗುತ್ತದೆ, ಇದು ಅಲ್ಲೇ ತಿರುಗಾಡುತ್ತದೆ. ಮೋಡದೊಳಗೆ ಹಿಮ ಕಟ್ಟುವುದು ಇಲ್ಲಿ ಕಾಗದದ ಮೇಲಿನ ಭಯ ಅಲ್ಲ.

ರೆಕ್ಕೆಯ ಮುಂಚೂಣಿಯಲ್ಲಿ ಕಪ್ಪು ರಬ್ಬರ್ ಪಟ್ಟಿ ಇರುತ್ತದೆ ನೋಡಿ, ಅದು ಬೂಟ್. ಎಂಜಿನ್ ಗಾಳಿ ತುಂಬಿ ಉಬ್ಬಿಸಿ, ಕಟ್ಟಿದ ಹಿಮವನ್ನು ಒಡೆದು ಹಾಕುತ್ತದೆ. ಪ್ರೊಪೆಲರ್ ಬ್ಲೇಡಿಗೆ ಕರೆಂಟಿನ ಬಿಸಿ. ಬ್ಲೇಡಿನಿಂದ ಕಿತ್ತ ಹಿಮದ ಚೂರು ಬೀಸಿ ಬಂದು ಮೈಗೆ ಬಡಿದಾಗ ಮುಂದಿನ ಸಾಲಿನಲ್ಲಿ "ಡಬ್" ಅಂತ ಕೇಳುತ್ತದೆ. ಹಂಚಿನ ಮೇಲೆ ಅಡಕೆ ಬಿದ್ದಂಥ ಸದ್ದು. ಪ್ರೊಪೆಲರ್ ನೇರಕ್ಕೆ ಮೈಗೆ ದಪ್ಪ ಕವಚ ಹಾಕಿರುವುದು ಇದಕ್ಕೇ. 1994ರ ಅಕ್ಟೋಬರ್ 31ರಂದು ಅಮೆರಿಕದ ರೋಸ್‌ಲಾನ್‌ನಲ್ಲಿ ಎಟಿಆರ್ 72 ಬಿದ್ದದ್ದು ಬೂಟಿನ ಹಿಂದೆ, ಅದು ತಲುಪದ ಜಾಗದಲ್ಲಿ, ಹಿಮ ಕಟ್ಟಿ ಏಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಹಲಗೆ) ತಾನಾಗಿ ಎಳೆದುಕೊಂಡದ್ದರಿಂದ. ಆಮೇಲೆ ಬೂಟ್ ಅಗಲ ಮಾಡಿದರು, ಅಂಥ ಮೋಡದಿಂದ ಕೂಡಲೇ ಹೊರಬರಬೇಕು ಅನ್ನುವ ನಿಯಮವೂ ಬಂತು.

ಹಳೇ ಕಾಲದಲ್ಲಿ ಇದೇ ರೋಗ ಬ್ರಿಸ್ಟಲ್ ಬ್ರಿಟಾನಿಯಾಕ್ಕೆ ಬೇರೆ ರೂಪದಲ್ಲಿ ಕಾಡಿತು. ಅದರ ಪ್ರೋಟಿಯಸ್ ಎಂಜಿನ್ನಿನಲ್ಲಿ ಗಾಳಿ ಒಳಗೆ ಹೋಗಿ ಹಿಂದು ಮುಂದಾಗಿ ತಿರುಗಬೇಕು. ಆ ತಿರುವಿನಲ್ಲಿ ಹಿಮ ಕಟ್ಟಿ, ಗಟ್ಟಿಯಾಗಿ ಕಿತ್ತು ಒಳಗೆ ಹೋದಾಗ ಬೆಂಕಿ ಆರಿಹೋಗುತ್ತಿತ್ತು. ಆರಿದರೆ ತಾನೇ ಹೊತ್ತಿಕೊಳ್ಳಲಿ ಅಂತ ಕೆಂಪಗೆ ಕಾದಿರುವ ಗ್ಲೋ ಪ್ಲಗ್ ಹಾಕಿದರು. ಅಷ್ಟರಲ್ಲಿ ಬೋಯಿಂಗ್ 707 ಬಂದಾಗಿತ್ತು.

ಗೇರ್‌ಬಾಕ್ಸ್

ಲಿವರಿನ ವಿಷಯವನ್ನೂ ಸೇರಿಸಿ. ಟರ್ಬೊಪ್ರಾಪ್ ಪೈಲಟ್ಟಿಗೆ ಜೆಟ್ಟಿನವನಿಗಿಂತ ಒಂದು ಜೊತೆ ಲಿವರ್ ಹೆಚ್ಚು. ಬ್ಲೇಡಿನ ಕೋನ ತಪ್ಪಾದರೆ ಎಂಜಿನ್ ಗಟ್ಟಿ ಓಡುತ್ತಿದ್ದರೂ ಎಳೆತ ಸೊನ್ನೆ. 2023ರ ಜನವರಿ 15ರಂದು ನೇಪಾಳದ ಪೊಖರಾದಲ್ಲಿ ಬಿದ್ದ ಎಟಿಆರ್ 72ಕ್ಕೆ ಆದದ್ದು ಅದೇ. ಇಳಿಯುವ ಹೊತ್ತಿಗೆ ಫ್ಲಾಪಿನ (ರೆಕ್ಕೆಯ ಹಿಂದಂಚನ್ನು ಇಳಿಸುವ) ಲಿವರಿನ ಬದಲು ಎರಡೂ ಕಂಡೀಷನ್ ಲಿವರ್, ಅಂದರೆ ಪ್ರೊಪೆಲರಿನ ಲಿವರ್, ಫೆದರ್‌ಗೆ ಹೋದವು, 72 ಜನ ತೀರಿಹೋದರು. ಡಾರ್ಟಿನ ವಿಮಾನದಲ್ಲಿ ಅಪಾಯ ಉಲ್ಟಾ ದಿಕ್ಕಿನದ್ದು. ನೆಲ ಮುಟ್ಟಿದ ಮೇಲೆ "ಫ್ಲೈಟ್ ಫೈನ್" ತಡೆಯನ್ನು (ಹಾರುವಾಗ ಬ್ಲೇಡು ತೀರಾ ಚಪ್ಪಟೆಯಾಗದಂತೆ ಹಿಡಿಯುವುದು) ತೆಗೆದು ಬ್ಲೇಡನ್ನು ಚಪ್ಪಟೆ ಮಾಡಿದರೆ ಪ್ರೊಪೆಲರೇ ಬ್ರೇಕು, ಇಡೀ ವೃತ್ತ ಗೋಡೆಯಂತೆ ಗಾಳಿಗೆ ಅಡ್ಡ ನಿಲ್ಲುತ್ತದೆ. ಅದೇ ತಡೆ ಆಕಾಶದಲ್ಲಿ ಜಾರಿದರೆ ವಿಮಾನ ಕಲ್ಲು.

ಭದ್ರಾ ಹಿನ್ನೀರು

ಈಗ ಹಳೇ ತಳಿಯ ಟರ್ಬೊಪ್ರಾಪ್ ಹತ್ತಬೇಕು ಅಂದ್ರೆ ಎಲ್ಲಿಗೆ ಹೋಗ್ಬೇಕು? ಶಿವಮೊಗ್ಗದಿಂದ ಆಗೋ ಹೋಗೋ ಮಾತು ಹೇಳಿ, ಕೆನಡಾ ಅನ್ಬೇಡಿ.

ಡಾರ್ಟ್ ಶಿಳ್ಳೆ

ಡಾರ್ಟಿನದ್ದಕ್ಕೆ ಟಿಕೆಟ್ ಕೊಂಡು ಕೂರುವುದು ನಮ್ಮ ಕಡೆ ಮುಗಿದ ಅಧ್ಯಾಯ. ವಾಯುಪಡೆಯ ಆವ್ರೊಗಳ ಜಾಗಕ್ಕೂ ಏರ್‌ಬಸ್ ಸಿ-295 ಬರುತ್ತಿದೆ, 2021ರ ಒಪ್ಪಂದದಲ್ಲಿ 56. ಅದರ ಎಂಜಿನ್ ಪಿಡಬ್ಲ್ಯೂ127ರದ್ದೇ ಒಂದು ರೂಪ, ಅಂದರೆ ಸೋಗಾನೆಯ ಎಟಿಆರ್‌ಗೆ ಅಣ್ಣತಮ್ಮ.

ಒಂದೇ ಶಾಫ್ಟಿನ ಎಂಜಿನ್ನಿನ ಅನುಭವ ಬೇಕಿದ್ದರೆ ಡಾರ್ನಿಯರ್ 228. 1981ರಲ್ಲಿ ಮೊದಲು ಹಾರಿದ್ದು, ಕಾನ್ಪುರದಲ್ಲಿ ತಯಾರಾದದ್ದು, ಒಂದು ಕಾಲದ ಸರ್ಕಾರಿ ವಿಮಾನ ಸಂಸ್ಥೆ ವಾಯುದೂತ್‌ನ ಬೆನ್ನೆಲುಬು. ಅಲಯನ್ಸ್ ಏರ್ 2022ರ ಏಪ್ರಿಲ್‌ನಲ್ಲಿ ದಿಬ್ರುಗಢ–ಪಾಸಿಘಾಟ್ ನಡುವೆ 17 ಸೀಟಿನದ್ದನ್ನು ಶುರುಮಾಡಿತು. ಹೊರಡುವ ಮೊದಲು ಅದು ಈಗ ಓಡುತ್ತಿದೆಯೇ ನೋಡಿಕೊಳ್ಳಿ, ಇಂಥ ಸಣ್ಣ ಮಾರ್ಗಗಳ ವೇಳಾಪಟ್ಟಿ ಆಗಾಗ ಬದಲಾಗುತ್ತದೆ. ಒಳಗೆ ಒತ್ತಡದ ವ್ಯವಸ್ಥೆ ಇಲ್ಲ, ಆದ್ದರಿಂದ ನೆಗಡಿ ಇದ್ದರೆ ಇಳಿಯುವಾಗ ಕಿವಿ ಹಿಡಿಯುತ್ತದೆ. ನಿಂತಲ್ಲೇ ಕಿರಿಚುವುದು ಅದರ ಗುಣ, ಒಂದೇ ಶಾಫ್ಟಾದ್ದರಿಂದ ಐಡಲ್‌ನಲ್ಲೂ ವೇಗ ಜಾಸ್ತಿ. ಫೋಮಿನ ಇಯರ್‌ಪ್ಲಗ್ ಜೇಬಲ್ಲಿರಲಿ.

ಆರು ಬ್ಲೇಡು

ಇನ್ನೊಂದು ದಾರಿ ಮಾಲ್ಡೀವ್ಸ್. ಅಲ್ಲಿನ ತೇಲುವಿಮಾನಗಳು ಟ್ವಿನ್ ಆಟರ್, 1965ರಲ್ಲಿ ಮೊದಲು ಹಾರಿದ ವಿನ್ಯಾಸ. ಸೀಟ್ ನಂಬರ್ ಇರಲ್ಲ, ಮೊದಲು ಹತ್ತಿದವರಿಗೆ ಪೈಲಟ್ ಹಿಂದಿನ ಜಾಗ. ಲಿವರುಗಳು ತಲೆಯ ಮೇಲಿನಿಂದ ಇಳಿಬಿದ್ದಿರುತ್ತವೆ, ಎರಡು ಕೈ ಸೇರಿ ತಳ್ಳುವುದು ಎದುರಿಗೇ ಕಾಣುತ್ತದೆ. ಹಗಲು ಮಾತ್ರ ಹಾರಾಟ. ಸಂಜೆ ಮಾಲೆಗೆ ಇಳಿದರೆ ರಾತ್ರಿ ಅಲ್ಲೇ ಉಳಿಯಬೇಕಾದೀತು, ಆದ್ದರಿಂದ ಬೆಳಿಗ್ಗೆ ತಲುಪುವ ವಿಮಾನ ನೋಡಿ. ಸಾಮಾನು ತೂಗುತ್ತಾರೆ, ಸಾಮಾನ್ಯವಾಗಿ 20 ಕೆ.ಜಿ. ಜೊತೆಗೆ ಕೈಚೀಲ 5.

ನೇಪಾಳದ ಲುಕ್ಲಾದ 527 ಮೀಟರ್ ರನ್‌ವೇಯಲ್ಲೂ ಟ್ವಿನ್ ಆಟರ್ ಇಳಿಯುತ್ತದೆ. ನೇಪಾಳದ ಎಲ್ಲಾ ಕಂಪನಿಗಳೂ 2013ರಿಂದ ಯುರೋಪಿನ ನಿಷೇಧ ಪಟ್ಟಿಗೆ ಸೇರಿದವು ಅನ್ನೋದು ತಿಳಿದಿರಲಿ. ಯಂತ್ರದ ಮೋಹಕ್ಕೆ ಅಷ್ಟು ದೂರ ಹೋಗುವುದು ನನಗೆ ಸರಿ ಕಾಣಲ್ಲ.

ಭದ್ರಾ ಹಿನ್ನೀರು

ಮೊಬೈಲಲ್ಲಿ ತೆಗೆದ್ರೆ ಬ್ಲೇಡು ಬಾಳೆಹಣ್ಣಿನ ಥರ ಬಾಗಿ ಬರುತ್ತೆ, ಅದಕ್ಕೇನು ಮದ್ದು?

ಆರು ಬ್ಲೇಡು

ಮೊಬೈಲಿನ ಸೆನ್ಸರ್ ಚಿತ್ರವನ್ನು ಒಂದೇ ಸಲ ಹಿಡಿಯಲ್ಲ, ಸಾಲುಸಾಲಾಗಿ ಓದುತ್ತದೆ. ಓದಿ ಮುಗಿಸುವುದರೊಳಗೆ ಬ್ಲೇಡು ಮುಂದೆ ಹೋಗಿರುತ್ತದೆ. ಮದ್ದು: ಪ್ರೊ ಮೋಡಿನಲ್ಲಿ ಶಟರನ್ನು ನಿಧಾನ ಮಾಡಿ ಬ್ಲೇಡನ್ನೇ ಮಸುಕಾಗಿಸುವುದು. 1/125 ಸೆಕೆಂಡಿನಲ್ಲಿ ಟೇಕಾಫಿನ ಎಟಿಆರ್ ಬ್ಲೇಡು 58 ಡಿಗ್ರಿ ತಿರುಗುತ್ತದೆ, ಬ್ಲೇಡುಗಳ ನಡುವಿನ ಅಂತರವೇ 60, ಹಾಗಾಗಿ ತುಂಬಿದ ಬಿಲ್ಲೆ ಸಿಗುತ್ತದೆ. ಕ್ರೂಸಿನಲ್ಲಿ 47 ಡಿಗ್ರಿ ಮಾತ್ರ, 1/90ರ ಸುತ್ತ ಇಡಿ. 1/1000 ಇಟ್ಟರೆ 7 ಡಿಗ್ರಿ, ಎಂಜಿನ್ ನಿಂತ ಹಾಗೆ ಕಾಣುತ್ತದೆ, ಮನೆಯವರು ಫೋಟೋ ನೋಡಿ ಹೆದರುತ್ತಾರೆ. ಬಿಸಿಲಿದ್ದರೆ ಬೆಳಕು ಹೆಚ್ಚಾಗಿ ಬಿಳಚುತ್ತದೆ, ಐಎಸ್‌ಒ ಅತಿ ಕಡಿಮೆಗೆ ಇಳಿಸಿ, ಆದರೂ ಸಾಲದಿದ್ದರೆ ಲೆನ್ಸಿನ ಮುಂದೆ ಕೂಲಿಂಗ್ ಗ್ಲಾಸು ಹಿಡಿಯಿರಿ. ಮೊಬೈಲನ್ನು ಕಿಟಕಿಗೆ ಒತ್ತಿ ಹಿಡಿಯಬೇಡಿ, ಗಾಜಿನ ನಡುಕ ಚಿತ್ರಕ್ಕೆ ಇಳಿಯುತ್ತದೆ. ಒಂದು ಬೆರಳಿನಷ್ಟು ಜಾಗ ಬಿಡಿ.

ಕೊಪ್ಪದ ಕಾಳುಮೆಣಸು

ಕೊನೇ ಪ್ರಶ್ನೆ. ಎಟಿಆರ್ ನಿಂತಾಗ ಬಾಲದ ಕೆಳಗೆ ಒಂದು ಕೋಲು ಕೊಟ್ಟಿರ್ತಾರಲ್ಲ, ಅದೆಂತಕ್ಕೆ?

ಗೇರ್‌ಬಾಕ್ಸ್

ಜನ ಹತ್ತಿ ಇಳಿಯೋದು ಹಿಂದಿನ ಬಾಗಿಲಿಂದ. ಎಲ್ಲರೂ ಒಮ್ಮೆಗೇ ಹಿಂದೆ ಸೇರಿ, ಮುಂದಿನ ಸಾಮಾನು ಆಗಲೇ ಇಳಿಸಿಯಾಗಿದ್ದರೆ ತೂಕ ಬಾಲಕ್ಕೆ ಬಿದ್ದು ಮೂತಿ ಎದ್ದೀತು. ಅದಕ್ಕೆ ಆ ಊರುಗೋಲು. ಹೊರಡುವ ಮೊದಲು ತೆಗೆಯುತ್ತಾರೆ.

ಕೊಪ್ಪದ ಕಾಳುಮೆಣಸು

ಅಡಕೆ ಗೊನೆ ಹೇರಿದ ಗಾಡಿಗೆ ಕೊಡೋ ಊರುಗೋಲೇ ಅನ್ನಿ. ಶನಿವಾರದ ಟಿಕೆಟ್‌ಗೆ ಎಡಗಡೆ ಕಿಟಕಿ, ಮೂರನೇ ಸಾಲು ಹಾಕಿದೆ.

ಆರು ಬ್ಲೇಡು

ಶಿವಮೊಗ್ಗದಿಂದ ಹೊರಡೋದಾ, ಬರೋದಾ? ಹೊರಡೋದಾದ್ರೆ ಬಲಗಡೆ ಮಾರಾಯ್ರೆ, ಈಗಲೇ ಬದಲಾಯಿಸಿ.